ಕಾರು ಹುಟ್ಟಿದ ಹಟ್ಟಿ

ನಮ್ಮ ರಾಮನಗರದ ಕಡೆ ಯಾರ ಮನೆಯ ಮುಂದಾದರೂ ಹೊಸ ಕಾರೊಂದು ಬಂದು ನಿಂತರೆ ಅದಕ್ಕೆ ಸಲ್ಲುವ ಮೊದಲ ಮರ್ಯಾದೆ ಎಂದರೆ ಒದೆ. ಹಾದುಹೋಗುವವರು ನಿಲ್ಲುತ್ತಾರೆ, ಸೊಂಟದ ಮೇಲೆ ಕೈಯಿಟ್ಟು ಒಂದು ಪ್ರದಕ್ಷಿಣೆ ಹಾಕುತ್ತಾರೆ, ಆಮೇಲೆ ಮುಂದಿನ ಟೈರಿಗೆ ಚಪ್ಪಲಿಯ ತುದಿಯಿಂದ ಮೆಲ್ಲನೆ ಒದ್ದು, ಅದರಿಂದ ಅವರಿಗೆ ಅದೇನು ತಿಳಿಯಿತೋ, ಗಂಭೀರವಾಗಿ ತಲೆದೂಗುತ್ತಾರೆ. ಬಳಿಕ ಪ್ರಶ್ನೆಗಳು ಶುರು. ಮೊದಲನೆಯದು, "ಯಾವ ಕಂಪನಿ?" ಎರಡನೆಯದು, "ಎಷ್ಟು ಕೊಡ್ತದೆ?" ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂದು. ಮೂರನೆಯದು ಒಸಿ ಓದಿಕೊಂಡವರು ಕೇಳುವಂಥದ್ದು, "ಯಾವ ದೇಶದ್ದು?" ಬಣ್ಣ ಯಾವುದೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಎದುರಿಗೇ ನಿಂತಿರುತ್ತದೆ.

ಈ ಮೂರನೆಯ ಪ್ರಶ್ನೆಯ ಪಂಗಡಕ್ಕೆ ಸೇರಿದವನು ನಾನು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಎಲ್ಲದರ ಮೂಲ ಕೆದಕುವ ಚಟ ಅಂಟಿಕೊಂಡಿರುತ್ತದೆ. ಒಂದು ಪದ ಎದುರಾದರೆ ಸಾಕು, ಇದು ತತ್ಸಮವೋ ತದ್ಭವವೋ, ದೇಶ್ಯವೋ ಅನ್ಯದೇಶ್ಯವೋ ಎಂದು ಬಗೆಹರಿಯುವ ತನಕ ಅದನ್ನು ವಾಕ್ಯದೊಳಕ್ಕೆ ಬಿಟ್ಟುಕೊಳ್ಳದ ಪ್ರಾಣಿ ನಾನು. ಇಂಥವನು ಅರವತ್ತೆರಡನೆಯ ವಯಸ್ಸಿನಲ್ಲಿ ಕಾರು ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು. ಅದನ್ನು ನಗುತ್ತಾ ಹೇಳಬೇಕೆಂದು ಕುಳಿತಿದ್ದೇನೆ. ನಡುವೆ ನಗು ಕೆಟ್ಟರೆ ಓದುಗರು ಸಹಿಸಿಕೊಳ್ಳಬೇಕು.

ಕಾರು ಬೇಕಾಗಿದ್ದುದು ನನ್ನ ಸಡಗರಕ್ಕಲ್ಲ, ಅಕ್ಕನ ಕಣ್ಣಿಗೆ. ಅಕ್ಕ ಚಿಕ್ಕತಾಯಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ಕೊಟ್ಟದ್ದು ಕನಕಪುರದಾಚೆಯ ಉಯ್ಯಂಬಳ್ಳಿಗೆ. ಭಾವ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಮೈದುನನ ಮನೆಯ ಪಕ್ಕದಲ್ಲೇ ಬೇರೆ ಒಲೆ ಹೂಡಿಕೊಂಡು, ರಾಗಿ ಅವರೆ ಬೆಳೆದುಕೊಂಡು, ಊರಿನ ಪ್ರತಿಯೊಂದು ಜಗಳದಲ್ಲೂ ತನ್ನ ತೀರ್ಪನ್ನು ಕೇಳದಿದ್ದರೂ ಕೊಟ್ಟುಕೊಂಡು ಚೆನ್ನಾಗಿಯೇ ಇದ್ದಳು. ಒಂದು ದಿನ ಅವರೆಕಾಯಿ ಸುಲಿಯುತ್ತಾ ಕುಳಿತವಳು, ಪಕ್ಕದಲ್ಲಿಟ್ಟಿದ್ದ ಮೊರ ಕಾಣದೆ ಕಾಳನ್ನೆಲ್ಲ ನೆಲಕ್ಕೆ ಹಾಕಿದಳಂತೆ. ಅದನ್ನು ಅವಳೇ ನನಗೆ ಫೋನಿನಲ್ಲಿ ತಮಾಷೆಯಾಗಿ ಹೇಳಿದಳು. ನಾನು ಬಾಡಿಗೆ ಕಾರು ಮಾಡಿಕೊಂಡು ಹೋಗಿ ಅವಳನ್ನು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿದೆ, ಎಡಗಣ್ಣು ಬಹುಪಾಲು ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ, ಆದರೆ ಬಲಗಣ್ಣನ್ನು ಉಳಿಸಿಕೊಳ್ಳಬಹುದು. ದಿನಾ ಹನಿ ಹಾಕಬೇಕು. ತಿಂಗಳಿಗೊಮ್ಮೆ ತಪ್ಪದೆ ಬಂದು ಒತ್ತಡ ಅಳೆಸಿಕೊಂಡು, ಬೇಕಾದರೆ ಹನಿಯನ್ನು ಬದಲಾಯಿಸಿಕೊಳ್ಳಬೇಕು. ಇಷ್ಟೇ. ಇದರಲ್ಲಿ ವ್ಯಾಖ್ಯಾನ ಬೇಕಾಗುವಂಥ ಪದ ಒಂದೂ ಇರಲಿಲ್ಲ.

ಅಕ್ಕನಿಗೆ ಬಸ್ಸು ಆಗುವುದಿಲ್ಲ. ಹತ್ತಿದ ಅರ್ಧ ಗಂಟೆಗೆ ಹೊಟ್ಟೆ ತೊಳಸಿ ವಾಂತಿ. ಅದಕ್ಕೆ ಅವಳದೇ ಒಂದು ಮದ್ದು ಇತ್ತು: ನಿಂಬೆಹಣ್ಣೊಂದನ್ನು ಉಗುರಿನಿಂದ ಗೀರಿ, ದಾರಿಯುದ್ದಕ್ಕೂ ಮೂಗಿಗೆ ಹಿಡಿದುಕೊಳ್ಳುವುದು. ಹಾಗೆ ಹಿಡಿದುಕೊಂಡೇ ತಿಂಗಳು ತಿಂಗಳು ಬರುತ್ತೇನೆ ಎಂದು ಸಿದ್ಧವಾಗಿಯೇ ಇದ್ದಳು. ಎರಡು ತಿಂಗಳು ನಾನು ಬಾಡಿಗೆ ಕಾರಿನಲ್ಲೇ ಕರೆದೊಯ್ದೆ. ಎರಡನೆಯ ಸಲ ಅವಳನ್ನು ಮನೆಗೆ ಬಿಟ್ಟು, ಜಗಲಿಯ ಮೇಲೆ ಕುಳಿತು, ಕಾಫಿ ಕುಡಿಯುತ್ತಾ ನಾನೊಂದು ಘೋಷಣೆ ಮಾಡಿದೆ.

"ಅಕ್ಕ, ನೀನು ಬಸ್ಸಲ್ಲಿ ಒದ್ದಾಡೋದು ಬೇಡ. ಬರೋ ತಿಂಗಳು ನಾನೇ ಕಾರು ತಗೊಳ್ತೀನಿ. ಕೈಕೊಡದಂಥ ಗಟ್ಟಿ ಕಾರು. ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಅಂಗಾದ್ರೆ ಆಯ್ತು ಬುಡು," ಎಂದಳು ಅಕ್ಕ. "ನೀ ಬರೋಗಂಟ ಕಾಯ್ತೀನಿ."

ಗಟ್ಟಿ ಕಾರೇ ಬೇಕೆಂಬ ನನ್ನ ಹಟದಲ್ಲಿ ಕಪಟವೇನೂ ಇರಲಿಲ್ಲ. ಉಯ್ಯಂಬಳ್ಳಿಯಿಂದ ಕನಕಪುರಕ್ಕೆ ಬರುವ ದಾರಿಯಲ್ಲಿ ಮೈಲಿಗಟ್ಟಲೆ ಬರೀ ಕುರುಚಲು ಕಾಡು, ಬಂಡೆ. ಅಲ್ಲಿ ಗಾಡಿ ಕೆಟ್ಟು ನಿಂತರೆ ಕಣ್ಣು ಸರಿಯಾಗಿ ಕಾಣದ ಹೆಂಗಸನ್ನು ಕೂರಿಸಿಕೊಂಡು ನಾನು ಯಾರನ್ನು ಕೂಗಲಿ? ಹಾಗಾಗಿ ನಂಬಿಕಸ್ಥ ಕಾರು ಯಾವುದು ಎಂಬ ಸಂಶೋಧನೆಗೆ ಇಳಿದೆ. ನಂಬಿಕೆಯ ಮೂಲ ಎಲ್ಲಿದೆ ಎಂದು ಯೋಚಿಸಿದಾಗ, ವಂಶಪಾರಂಪರ್ಯವಾಗಿ ಬಂದ ಉತ್ತರವೊಂದು ಸಿದ್ಧವಾಗಿಯೇ ಇತ್ತು: ಅದು ಹುಟ್ಟಿದ ಹಟ್ಟಿಯಲ್ಲಿ.

ಇದು ನಮ್ಮಪ್ಪನ ಸಿದ್ಧಾಂತ. ಹೋರಿ ಕೊಳ್ಳುವಾಗ ಬೇರೆಯವರು ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಅಪ್ಪ ಅದೆಲ್ಲವನ್ನೂ ಮಾಡಿ, ಕೊನೆಗೆ "ಉಟ್ಟಿದ್ದು ಯಾವ ಅಟ್ಟೀಲಿ?" ಎನ್ನುತ್ತಿದ್ದ. ಹಳ್ಳಿಕಾರ್ ತಳಿಯೆಂದರೆ ಅವನಿಗೆ ಸಾಲದು. ಯಾರ ಕೊಟ್ಟಿಗೆಯಲ್ಲಿ ಹುಟ್ಟಿತು, ತಾಯಿಹಸು ಯಾವುದು, ಅದನ್ನು ಕಣ್ಣಾರೆ ನೋಡಬೇಕು. ತಾಯಿಯನ್ನು ನೋಡಲು ಮಾಗಡಿ ಸೀಮೆಯವರೆಗೂ ನಡೆದುಹೋಗುತ್ತಿದ್ದ. ನಾನು ಎಂಟು ವರ್ಷದವನಿದ್ದಾಗ ನಮ್ಮ ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಮಳೆ ಬಂದು ಹೊಲ ಹದವಾಗಿತ್ತು. ಪಕ್ಕದ ಮನೆಯವರು ತಮ್ಮಲ್ಲಿದ್ದ ಗಟ್ಟಿಮುಟ್ಟಾದ ಹೋರಿಯೊಂದನ್ನು ಕೊಡಲು ಬಂದರು. ಅದು ಯಾವ ಹಟ್ಟಿಯದೆಂದು ಅವರಿಗೂ ಗೊತ್ತಿರಲಿಲ್ಲ. ಅಪ್ಪ ಒಲ್ಲೆನೆಂದು, ಪಂಚೆ ಮೇಲಕ್ಕೆ ಕಟ್ಟಿ, ಹಟ್ಟಿ ಹುಡುಕುತ್ತಾ ಹೊರಟುಹೋದ.

ಹದ ಆರಿದರೆ ಆ ವರ್ಷದ ರಾಗಿ ಹೋದಂತೆಯೇ. ಹದಿನಾರರ ಅಕ್ಕ ಗುದ್ದಲಿ ಹಿಡಿದು ಹೊಲಕ್ಕೆ ಇಳಿದಳು. ಅವ್ವನೂ ಅವಳೂ ಸೇರಿ ಆ ಹೊಲವನ್ನು ಅಗೆದರು. ಅವ್ವನಿಗೆ ಜ್ವರ ಬಂದ ಮೇಲೆ ಅಕ್ಕ ಒಬ್ಬಳೇ ಅಗೆದಳು. ನಾನು ಬದುವಿನ ಮೇಲೆ ಕುಳಿತು ಮಗ್ಗಿ ಉರುಹೊಡೆಯುತ್ತಿದ್ದೆ. ಬಿತ್ತನೆಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಪ್ಪ ಅಚ್ಚ ಬಿಳಿಯ ಹೋರಿಯೊಂದನ್ನು ಹಿಡಿದುಕೊಂಡು, ಅದರ ಕೊರಳಿಗೆ ಗಲಗಲ ಎನ್ನುವ ಹೊಸ ಗಗ್ಗರ ಕಟ್ಟಿಸಿ ಬಂದ. ಊರೆಲ್ಲ ನೆರೆದು ಕೊಂಡಾಡಿತು. ಅಕ್ಕ ಅಂಗೈಯ ಬೊಬ್ಬೆಗಳಿಗೆ ಹರಳೆಣ್ಣೆ ಸವರಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪನ ವಿವೇಕದ ನಿದರ್ಶನವಾಗಿ ಈ ಕಥೆಯನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಗುದ್ದಲಿಯ ಭಾಗವನ್ನು ಬಿಟ್ಟು ಹೇಳುತ್ತಿದ್ದೆ.

ಇರಲಿ, ಕಾರಿಗೆ ಬರೋಣ. ಒಂದು ದಪ್ಪ ನೋಟುಬುಕ್ಕು ಕೊಂಡು, ಪುಟಕ್ಕೊಂದು ದೇಶದಂತೆ ಹೆಸರು ಬರೆದೆ. ಜಪಾನ್, ಜರ್ಮನಿ, ಕೊರಿಯಾ, ಚೀನಾ, ಭಾರತ. ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ ನಿವೃತ್ತರೆಲ್ಲರೂ ಈ ವಿಷಯದಲ್ಲಿ ಪಾರಂಗತರು. ಜಪಾನಿನದು ಸಾಯುವುದೇ ಇಲ್ಲ ಎಂದವರು ಒಬ್ಬರು, ಅದರ ತಗಡು ಹಪ್ಪಳ ಎಂದವರು ಇನ್ನೊಬ್ಬರು. ಜರ್ಮನಿಯದು ಬಂಡೆ, ಆದರೆ ಕೆಟ್ಟರೆ ಮನೆ ಮಾರಬೇಕು ಎಂದವರು ಮತ್ತೊಬ್ಬರು. ಇವರಲ್ಲಿ ಮೂವರ ಬಳಿ ಕಾರೇ ಇರಲಿಲ್ಲ. ಎಲ್ಲವನ್ನೂ ಬರೆದುಕೊಂಡೆ. ನೋಟುಬುಕ್ಕು ತುಂಬುತ್ತಾ ಹೋದ ಹಾಗೆ ನನಗೆ ಎಂಥದೋ ತೃಪ್ತಿ. ಏನೋ ಕೆಲಸ ನಡೆಯುತ್ತಿದೆ ಎಂಬ ಭಾವನೆ. ಈ ಭಾವನೆಯಷ್ಟು ಮೋಸದ್ದು ಇನ್ನೊಂದಿಲ್ಲ ಎಂದು ಈಗ ಅನ್ನಿಸುತ್ತದೆ.

ಮೂಲವನ್ನು ಮೂಲದಲ್ಲೇ ವಿಚಾರಿಸೋಣ ಎಂದು ಒಂದು ದಿನ ಬಿಡದಿಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿ ಶಿವಲಿಂಗ ಅಲ್ಲಿಯ ಕಾರ್ಖಾನೆಯಲ್ಲಿ ಕಾರುಗಳಿಗೆ ಬಾಗಿಲು ಜೋಡಿಸುವ ಕೆಲಸದಲ್ಲಿದ್ದಾನೆ. ತಟ್ಟೆ ಇಡ್ಲಿಯ ಹೋಟೆಲಿನಲ್ಲಿ ಕುಳಿತು, ಬೆಣ್ಣೆ ಕರಗುವುದರೊಳಗೆ ನನ್ನ ಪ್ರಶ್ನೆಯನ್ನು ಅವನ ಮುಂದಿಟ್ಟೆ: ಕಾರಿನ ದೇಶ ಮುಖ್ಯವೋ ಅಲ್ಲವೋ?

ಅವನು ಸಂಕೋಚದಿಂದ ನಕ್ಕ. "ಸಾ, ಬಾಗ್ಲು ಕೂರ್ಸೋನು ನಾನು. ನಮ್ಮೂರು ಮಾಗಡಿ ತಾವ ಕೆಂಪಾಪುರ. ಗಾಜು ಇನ್ನೆಲ್ಲಿಂದಲೋ ಬತ್ತದೆ, ವೈರು ತಮಿಳ್ನಾಡಿಂದ ಬತ್ತದೆ, ಒಳಗಡೆ ಕಂಪ್ಯೂಟರ್ ಪೆಟ್ಗೆ ಹಡಗಲ್ಲಿ ಬತ್ತದೆ. ಎಲ್ಲಾ ಆದ್ಮೇಲೆ ಮೂತಿಗೊಂದು ಎಸ್ರು ಅಂಟುಸ್ತೀವಿ. ಅದ್ನ ಯಾವ ದೇಶ ಅಂತ ಬರ್ಕೋತೀರಾ, ನೀವೇ ಯೋಳಿ."

ನಾನು ಜಪಾನಿನ ಪುಟ ತೆರೆದೆ, ಅದನ್ನು ಬಿಟ್ಟು ಭಾರತದ ಪುಟ ತೆರೆದೆ. ಅವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ದೇಶ ಬುಡಿ ಸಾ," ಎಂದ. "ಕೆಟ್ರೆ ಕನಕಪುರದಾಗೆ ರಿಪೇರಿ ಮಾಡೋರವ್ರಾ, ಸಾಮಾನು ಸಿಗ್ತದಾ, ಅದ್ನ ನೋಡಿ. ಟೈಮಿಗೆ ಸರ್ಯಾಗಿ ಆಯಿಲ್ ಬದ್ಲಾಯ್ಸಿ. ಯಾವ್ದಾದ್ರೂ ಓಡ್ತದೆ. ಏನಾರ ಅರ್ಜೆಂಟ್ ಐತಾ ಸಾ?"

"ಅಂಥದ್ದೇನಿಲ್ಲ," ಎಂದೆ.

ಹೌದು, ನಾನು ಹಾಗೆಯೇ ಹೇಳಿದೆ. ತಟ್ಟೆ ಇಡ್ಲಿಯ ಮುಂದೆ ಕುಳಿತು, ಅಕ್ಕ ಆ ತಿಂಗಳು ಆಸ್ಪತ್ರೆಗೆ ಹೋಗಿಲ್ಲ ಎಂದು ತಿಳಿದಿದ್ದೂ, ವಿದ್ಯಾರ್ಥಿಯ ಎದುರು ಆತುರಗಾರನಂತೆ ಕಾಣಬಾರದೆಂದು ಹಾಗೆ ಹೇಳಿದೆ. ಶಿವಲಿಂಗನ ಮಾತು ಸರಿಯಾಗಿಯೇ ಇತ್ತು. ಬಹುಶಃ ಅದಕ್ಕೇ ನನಗೆ ಹಿಡಿಸಲಿಲ್ಲ. ಅಷ್ಟು ಸುಲಭವಾದ ಉತ್ತರಕ್ಕೆ ನನ್ನ ನೋಟುಬುಕ್ಕಿನಲ್ಲಿ ಪುಟವೇ ಇರಲಿಲ್ಲ.

ಇನ್ನೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಸಂಬಂಧಿಕರೊಬ್ಬರ ಕಾರನ್ನು ಪರೀಕ್ಷಿಸಲು ಚನ್ನಪಟ್ಟಣಕ್ಕೆ ಹೋಗಿದ್ದೆ. ಮರಳುವಾಗ ಹೆದ್ದಾರಿ ಬದಿಯ ಬೊಂಬೆ ಅಂಗಡಿಯಲ್ಲಿ ಒಂದು ಕೆಂಪು ಆಟದ ಕಾರು ಕಣ್ಣಿಗೆ ಬಿತ್ತು. ಅಂಗಡಿಯವರು "ಚನ್ನಪಟ್ಟಣದ್ದೇ ಸಾರ್" ಎಂದರು. ತಿರುಗಿಸಿ ನೋಡಿದರೆ ಹೊಟ್ಟೆಯ ಕೆಳಗೆ ಬೇರೆ ದೇಶದ ಚೀಟಿ. ಅರಗಿಲ್ಲ, ಮರವೂ ಇಲ್ಲ, ಬರೀ ಪ್ಲಾಸ್ಟಿಕ್ಕು. ನನಗೆ ಎಲ್ಲಿಲ್ಲದ ರೋಷ ಬಂತು. ಪಕ್ಕದ ಬೀದಿಯಲ್ಲಿ ಮರ ಕಡೆಯುವ ಕೈಗಳಿರುವಾಗ ಊರಿನ ಹೆಸರನ್ನು ಹೀಗೆ ಮಾರಿಕೊಳ್ಳಬಹುದೇ ಎಂದು ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಅವರು ಪಾಪ ಪೂರ್ತಿ ಕೇಳಿಸಿಕೊಂಡು, ನಾನು ಕಂಕುಳಲ್ಲಿ ಇಟ್ಟುಕೊಂಡಿದ್ದ ವಿದೇಶಿ ಕಾರುಗಳ ಬಣ್ಣಬಣ್ಣದ ಕರಪತ್ರಗಳನ್ನು ನೋಡಿದರು. ಬೊಂಬೆಗೆ ದೇಶಾಭಿಮಾನ, ಕಾರಿಗೆ ವಿದೇಶಮೋಹ ಎಂಬ ನನ್ನ ತತ್ತ್ವದ ಎರಡು ಮುಖಗಳನ್ನು ಅವರು ಒಂದೇ ನೋಟದಲ್ಲಿ ಗ್ರಹಿಸಿದರು. ಮನೆಗೆ ಬಂದು ಭಾರತದ ಪುಟಕ್ಕೆ ಒಂದು ಗುರುತು ಹಾಕಿದೆ, ಮರುದಿನ ಅಳಿಸಿದೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾವ ದೇಶದ ಕಾರನ್ನೂ ಮನೆಗೆ ತರುವಂತಿಲ್ಲ. ಆಮೇಲೆ ಪಿತೃಪಕ್ಷ, ಆಮೇಲೆ ಧನುರ್ಮಾಸ. ಜರ್ಮನಿಯ ಯಂತ್ರಶಾಸ್ತ್ರವನ್ನೂ ನಮ್ಮ ಪಂಚಾಂಗವನ್ನೂ ಏಕಕಾಲದಲ್ಲಿ ನಂಬುವವನಿಗೆ ವರ್ಷದಲ್ಲಿ ಉಳಿಯುವ ದಿನಗಳು ಬಹಳ ಕಡಿಮೆ. ನನ್ನ ಹೆಂಡತಿ ಮಾತ್ರ ಆಗಾಗ, "ಕಾರು ಬರೋತನಕ ಬಾಡಿಗೆದೇ ಮಾಡ್ಕೊಂಡು ಹೋಗಿಬನ್ನಿ" ಎನ್ನುತ್ತಿದ್ದಳು. ಇನ್ನೇನು ನಮ್ಮದೇ ಬರುತ್ತದಲ್ಲ, ಒಂದು ತಿಂಗಳಿಗೆ ಅದೊಂದು ದಂಡ ಯಾಕೆ ಎನ್ನುತ್ತಿದ್ದೆ. ಆ ಒಂದು ತಿಂಗಳು ಹನ್ನೊಂದು ಸಲ ಬಂತು.

ಅಕ್ಕ ತಿಂಗಳ ಮೊದಲ ವಾರ ಫೋನು ಮಾಡುತ್ತಿದ್ದಳು. "ಬಂತೇನ್ಲಾ?"

"ಮುಂದಿನ ತಿಂಗಳು ಅಕ್ಕ. ನೋಡ್ತಾ ಇದೀನಿ."

"ಆಯ್ತು ಬುಡು. ನೋಡೇ ತಕ್ಕೋ. ಆತ್ರ ಬ್ಯಾಡ."

ಹನಿ ಮುಗಿದರೆ ಮೈದುನ ಕನಕಪುರದ ಔಷಧಿ ಅಂಗಡಿಯಿಂದ ಅದೇ ಹಳೆಯ ಹನಿಯನ್ನು ತಂದುಕೊಡುತ್ತಿದ್ದ. ಅವಳು ಅದನ್ನೇ ಹಾಕಿಕೊಳ್ಳುತ್ತಿದ್ದಳು. ಅಳೆಯುವವರೇ ಇಲ್ಲದ ಮೇಲೆ ಒತ್ತಡ ಒಳಗೊಳಗೇ ಏರಿದ್ದು ಯಾರಿಗೆ ಗೊತ್ತಾಗಬೇಕು? ಆ ರೋಗದಲ್ಲಿ ನೋವಿಲ್ಲ, ಉರಿಯಿಲ್ಲ. ಒಂದು ಹಂತದಲ್ಲಿ ಅವಳು "ಬಂತಾ" ಎಂದು ಕೇಳುವುದನ್ನು ನಿಲ್ಲಿಸಿದಳು. ಮಳೆ, ರಾಗಿ, ಊರಿನ ಸುದ್ದಿ ಮಾತಾಡಿ ಇಟ್ಟುಬಿಡುತ್ತಿದ್ದಳು. ನನಗೆ ಅದರಿಂದ ಹಾಯೆನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ನಿಜ.

ಹನ್ನೊಂದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಕ್ಕನ ಮೈದುನನ ಫೋನು ಬಂತು. ಅತ್ತಿಗೆ ಕೊಟ್ಟಿಗೆಯ ಕಂಬಕ್ಕೆ ಹಣೆ ಹೊಡೆದುಕೊಂಡಿದ್ದಾರೆ, ಹಗಲಲ್ಲೇ ಕಂಬ ಕಾಣಲಿಲ್ಲವಂತೆ. ಹತ್ತು ನಿಮಿಷದಲ್ಲಿ ಬಸ್ ನಿಲ್ದಾಣದ ಹತ್ತಿರ ಸಿಕ್ಕಿದ ಮೊದಲ ಬಾಡಿಗೆ ಕಾರು ಹತ್ತಿದೆ. ಅದು ಉಯ್ಯಂಬಳ್ಳಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಎಲ್ಲೂ ಕೆಮ್ಮದೆ ಕೆಡದೆ ನಮ್ಮನ್ನು ಆಸ್ಪತ್ರೆಯ ಬಾಗಿಲಿಗೆ ಬಿಟ್ಟಿತು. ಆ ಕಾರು ಯಾವ ದೇಶದ್ದೆಂದು ನಾನು ನೋಡಲಿಲ್ಲ, ಈಗಲೂ ಗೊತ್ತಿಲ್ಲ.

ಡಾಕ್ಟರು ಹಳೆಯ ಚೀಟಿಯನ್ನೂ ಅಕ್ಕನ ಕಣ್ಣನ್ನೂ ನೋಡಿ, "ಯಾಕೆ ಇಷ್ಟು ತಿಂಗಳು ಬರಲಿಲ್ಲ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದಳು, "ನಂದೇ ತಪ್ಪು ಕಣಪ್ಪ. ನಂಗೆ ಬಸ್ಸು ಆಗಾಕಿಲ್ಲ. ಇವ್ನು ಕರೀತಾನೇ ಇದ್ದ, ನಾನೇ ಒಲ್ಲೆ ಅಂದೆ."

ಸುಳ್ಳು ಹೇಳಿದವರನ್ನು ಜೀವಮಾನವೆಲ್ಲ ಜಗಲಿಗೆ ಕರೆಸಿ ಬೈದವಳು ನನಗಾಗಿ ಆ ಸುಳ್ಳನ್ನು ಹೇಳಿದಳು, ನಾನು ಅದನ್ನು ತಿದ್ದಲಿಲ್ಲ. ಮಾತು ಮಾತಿಗೂ ತಿದ್ದುವ ಮೇಷ್ಟ್ರು ನಾನು. ಡಾಕ್ಟರು ನಿಟ್ಟುಸಿರಿಟ್ಟು, ಇನ್ನು ಮಾಡುವುದೇನೂ ಉಳಿದಿಲ್ಲ, ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟು ಗೊತ್ತಾಗಬಹುದು ಎಂದರು.

ಅದಾದ ಆರನೆಯ ದಿನ ಕಾರು ಕೊಂಡೆ. ಹನ್ನೊಂದು ತಿಂಗಳಲ್ಲಿ ಆಗದ ಆಯ್ಕೆ ಅರ್ಧ ಗಂಟೆಯಲ್ಲಿ ಆಯಿತು. ಯಾರೋ ಬುಕ್ ಮಾಡಿ ಬೇಡವೆಂದ ಗಾಡಿ ಅಂಗಳದಲ್ಲಿ ನಿಂತಿತ್ತು. ಇವತ್ತೇ ಕೊಡುತ್ತೀರಾ ಎಂದೆ, ಕೊಡುತ್ತೇವೆ ಎಂದರು. ಇನ್ನು ಯಾತಕ್ಕೆ ಕೊಂಡೆ ಎಂದು ಕೇಳಬೇಡಿ. ಹೆಂಡತಿಯೂ ಕೇಳಲಿಲ್ಲ. ನೋಟುಬುಕ್ಕನ್ನು ಸ್ನಾನದ ಒಲೆಗೆ ಹಾಕಿದೆ. ಅದೂ ಒಂದೇ ಸಲಕ್ಕೆ ಹತ್ತಿಕೊಳ್ಳಲಿಲ್ಲ.

ಕಾರನ್ನು ನೇರ ಉಯ್ಯಂಬಳ್ಳಿಗೆ ಓಡಿಸಿಕೊಂಡು ಹೋದೆ. ಮೈದುನನ ಹೆಂಡತಿ ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಳು. ಊರವರು ಬಂದರು, ಟೈರಿಗೆ ಒದ್ದರು, ಯಾವ ಕಂಪನಿ, ಎಷ್ಟು ಕೊಡ್ತದೆ ಎಂದು ಕೇಳಿದರು. ಅಕ್ಕ ಗೋಡೆ ಹಿಡಿದುಕೊಂಡು ಜಗಲಿಯಿಂದ ಇಳಿದು ಬಂದಳು. ಅವಳ ಕೈಯಲ್ಲೂ ಒಂದು ನಿಂಬೆಹಣ್ಣಿತ್ತು. ಕಾರಾದರೇನು, ದಾರಿ ದಾರಿಯೇ ಎಂದು ಹಿಡಿದುಕೊಂಡಿದ್ದಳೇನೋ. ಇನ್ನೊಂದು ಕೈಯನ್ನು ಮುಂದೆ ಚಾಚಿ, ಕಾರಿನ ಮೂತಿ ಸಿಕ್ಕಿದ ಮೇಲೆ, ಹೋರಿಯ ಬೆನ್ನು ಸವರುವ ಹಾಗೆ ಹಿಂದಿನವರೆಗೂ ನಿಧಾನವಾಗಿ ಸವರಿಕೊಂಡು ಹೋದಳು. ಒದೆಯಲಿಲ್ಲ. ಕಂಪನಿ ಕೇಳಲಿಲ್ಲ, ದೇಶ ಕೇಳಲಿಲ್ಲ.

"ಯಾವ ಬಣ್ಣ ಕಣ್ಲಾ?" ಎಂದಳು.

ಅಷ್ಟು ದಿನ ಅಷ್ಟೊಂದು ಬರೆದವನು ಬಣ್ಣದ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. "ಬಿಳಿ ಕಣಕ್ಕ," ಎಂದೆ.

ಅವಳು ಮುಖವನ್ನು ಕಾರಿನ ಕಡೆಗೇ ಇಟ್ಟುಕೊಂಡು ಅದರ ಬೆನ್ನನ್ನು ಇನ್ನೊಮ್ಮೆ ತಟ್ಟಿದಳು. ಕೋಪವಿರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅಪ್ಪ ತಂದ ಹೋರೀನೂ ಬಿಳೀದೇಯ," ಎಂದಳು. "ಅದೂವೆ ಹೊಲ ಎಲ್ಲಾ ಅಗ್ದಾದ್ಮೇಲೆ ಬಂತು."

ಕಾರು ಈಗ ನಮ್ಮ ಮನೆಯ ಮುಂದೆ ನಿಂತಿರುತ್ತದೆ. ಗಟ್ಟಿಯಾಗಿಯೇ ಇದೆ, ಒಂದು ದಿನವೂ ಕೈಕೊಟ್ಟಿಲ್ಲ. ವಾರಕ್ಕೊಮ್ಮೆ ಉಯ್ಯಂಬಳ್ಳಿಗೆ ಹೋಗುತ್ತೇನೆ. ಅಕ್ಕನನ್ನು ಕೂರಿಸಿಕೊಂಡು ಕನಕಪುರದವರೆಗೆ ಸುಮ್ಮನೆ ಹೋಗಿ ಬರುತ್ತೇವೆ. ದಾರಿಯಲ್ಲಿ ಕಾಣುವುದನ್ನೆಲ್ಲ ನಾನು ಹೇಳುತ್ತೇನೆ, ಅವಳು ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡು ಹೂಂಗುಟ್ಟುತ್ತಾಳೆ. ಮರಳಿ ಬಂದು ಗಾಡಿ ನಿಲ್ಲಿಸಿದಾಗ ಬೀದಿಯಲ್ಲಿ ಹೋಗುವವರು ಈಗಲೂ ನಿಂತು, ಒಂದು ಸುತ್ತು ಹಾಕಿ, "ಯಾವ ಕಂಪನಿ ಸಾರ್?" ಎನ್ನುತ್ತಾರೆ. "ಬಿಳಿ" ಎನ್ನುತ್ತೇನೆ. ಅವರು ನನಗೆ ಕಿವಿ ಮಂದವೆಂದುಕೊಂಡು, ಟೈರಿಗೆ ಒಂದು ಒದ್ದು, ತಮ್ಮ ಪಾಡಿಗೆ ಹೋಗುತ್ತಾರೆ.